ಗುಂಪು ಕಾಯುವುದಿಲ್ಲ

ಮಕ್ಕಳು ಬೆಟ್ಟ ಹತ್ತಲು ಹೊರಟರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ, 'ಎಷ್ಟು ಜನ ಹೋಗ್ತಿದೀರಿ?' ಹನ್ನೆರಡು ಜನ ಅಂದರೆ ಮನೆಯವರಿಗೆ ಸಮಾಧಾನ. ಇಬ್ಬರೇ ಅಂದರೆ ಗಾಬರಿ. ಯಾವ ಬೆಟ್ಟ, ಈ ತಿಂಗಳಲ್ಲಿ ಅಲ್ಲಿ ಮಳೆ ಹೇಗೆ, ದಾರಿ ಬಲ್ಲವರು ಯಾರು, ಸಂಜೆ ಎಷ್ಟು ಹೊತ್ತಿಗೆ ಇಳಿದು ಮುಗಿಸುತ್ತೀರಿ ಎಂದೆಲ್ಲ ಕೇಳುವವರು ಕಡಿಮೆ. ತಲೆ ಎಣಿಸಿ ಧೈರ್ಯ ತಂದುಕೊಳ್ಳುವುದು ನಮಗೆ ರೂಢಿಯಾಗಿದೆ. ಚಾರಣಕ್ಕೆ ಹೋಗುವ ಹುಡುಗ ಹುಡುಗಿಯರದೂ ಅದೇ ಲೆಕ್ಕ: 'ಇಷ್ಟು ಜನ ಇದೀವಲ್ಲ, ಏನಾಗತ್ತೆ?'

ಈ ನಂಬಿಕೆ ತಪ್ಪು, ಜೀವಕ್ಕೆ ಎರವಾಗುವಂಥ ತಪ್ಪು. ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಮಾತು ಹೊಲದಲ್ಲಿ, ಚಳವಳಿಯಲ್ಲಿ, ಮದುವೆಮನೆಯಲ್ಲಿ ನಿಜ. ಕಡಿದಾದ ಬೆಟ್ಟದಲ್ಲಿ, ಇಕ್ಕಟ್ಟಿನ ಕಣಿವೆಯಲ್ಲಿ, ತುಂಬಿ ಹರಿಯುವ ಹಳ್ಳದ ದಂಡೆಯಲ್ಲಿ ಅದು ನಿಜವಾಗಬೇಕಾದರೆ ಆ ಗುಂಪಿಗೆ ಒಂದು ಕಟ್ಟುಪಾಡು ಇರಬೇಕು. ಕಟ್ಟುಪಾಡಿಲ್ಲದ ಹತ್ತು ಜನ ಒಬ್ಬನೇ ಹೋದವನಿಗಿಂತ ಹೆಚ್ಚು ಸುರಕ್ಷಿತರಲ್ಲ. ಎಷ್ಟೋ ಸಲ ಅವನಿಗಿಂತ ಹೆಚ್ಚು ಅಪಾಯದಲ್ಲಿರುತ್ತಾರೆ.

ಒಬ್ಬನೇ ಹೋದವನಿಗೆ ಭಯವಿರುತ್ತದೆ, ಆ ಭಯ ಅವನ ಕಣ್ಣು ತೆರೆದಿಡುತ್ತದೆ. ಮೋಡ ಕಟ್ಟಿದ್ದು, ಹಳ್ಳದ ನೀರು ಕೆಂಪಾದದ್ದು, ಕಾಲಡಿಯ ಬಂಡೆಯಲ್ಲಿ ಪಾಚಿ ಇರುವುದು ಅವನ ಗಮನಕ್ಕೆ ಬರುತ್ತದೆ. ಹತ್ತು ಜನರಲ್ಲಿ ಒಬ್ಬನಾಗಿ ಹೋದವನು ಮೋಡ ನೋಡುವುದಿಲ್ಲ, ಗೆಳೆಯರ ಮುಖ ನೋಡುತ್ತಾನೆ. ಅವರು ನಗುತ್ತಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾನೆ. ಅವರೂ ಇವನ ಮುಖ ನೋಡಿಯೇ ಹಾಗಂದುಕೊಂಡಿರುತ್ತಾರೆ.

ಇದು ನನ್ನ ಊಹೆಯಲ್ಲ. 1968ರಲ್ಲಿ ಬಿಬ್ ಲಾಟನೆ ಮತ್ತು ಜಾನ್ ಡಾರ್ಲಿ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿ, ಪ್ರಶ್ನಾವಳಿಯೊಂದನ್ನು ತುಂಬಲು ಕೊಟ್ಟು, ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಕೂತಿದ್ದವರಲ್ಲಿ ನೂರಕ್ಕೆ 75 ಮಂದಿ ಎದ್ದುಹೋಗಿ ವಿಷಯ ತಿಳಿಸಿದರು. ಹೊಗೆಯನ್ನು ಕಂಡೂ ಕಾಣದಂತಿರಲು ಮೊದಲೇ ಹೇಳಿಸಿಕೊಂಡಿದ್ದ ಇಬ್ಬರ ಜೊತೆ ಕೂತವರಲ್ಲಿ ಎದ್ದುಹೋದವರು ನೂರಕ್ಕೆ ಹತ್ತೇ ಮಂದಿ. ಉಳಿದವರು ಕಣ್ಣುಜ್ಜಿಕೊಂಡು, ಕೆಮ್ಮುತ್ತ, ಹೊಗೆಯನ್ನು ಕೈಯಿಂದ ಸರಿಸುತ್ತ ಹಾಳೆ ತುಂಬಿಸುತ್ತಲೇ ಇದ್ದರು. ಪಕ್ಕದವರು ಸುಮ್ಮನಿದ್ದಾರೆ, ಹಾಗಾದರೆ ಗಾಬರಿಪಡುವಂಥದ್ದೇನಿಲ್ಲ! ಅಪರಿಚಿತರ ಮುಂದೆಯೇ ಮನುಷ್ಯ ಇಷ್ಟು ಸಂಕೋಚಪಡುತ್ತಾನೆಂದರೆ, ಹತ್ತು ವರ್ಷದ ಗೆಳೆಯರ ಮುಂದೆ 'ನನಗೆ ಭಯವಾಗ್ತಿದೆ, ವಾಪಸ್ ಹೋಗೋಣ' ಅನ್ನುವುದು ಎಷ್ಟು ಕಷ್ಟ!

ಇಂಥ ಸಂಕೋಚದ ಬೆಲೆ ಏನೆಂದು ಬೆಟ್ಟಗಳಲ್ಲೇ ಲೆಕ್ಕ ಹಾಕಿದವರಿದ್ದಾರೆ. ಇಯಾನ್ ಮೆಕ್‌ಕ್ಯಾಮನ್ ಎಂಬವರು ಅಮೆರಿಕದಲ್ಲಿ ವಿಹಾರಕ್ಕೆ ಹೋದವರು ಸಿಕ್ಕಿಬಿದ್ದ 715 ಹಿಮಕುಸಿತದ ಅಪಘಾತಗಳನ್ನು ಕೂಡಿಹಾಕಿ ಪರಿಶೀಲಿಸಿ 2004ರಲ್ಲಿ ವರದಿ ಮಾಡಿದರು. ಅವರಿಗೆ ಕಂಡದ್ದು ಇಷ್ಟು: ಅಪಾಯದ ಗುರುತುಗಳು ಕಣ್ಣಿಗೆ ಹೊಡೆಯುವಂತಿದ್ದರೂ ಜನ ಮುಂದೆ ಹೋಗಿದ್ದರು. ಗೊತ್ತಿರುವ ಜಾಗ ಎಂಬ ಸಲುಗೆ, ಜೊತೆಯವರ ಮೆಚ್ಚುಗೆಯ ಆಸೆ, ಹೊರಟದ್ದನ್ನು ಮುಗಿಸಲೇಬೇಕೆಂಬ ಹಟ, ಯಾರೋ ಒಬ್ಬ ಬಲ್ಲವನಂತೆ ಕಂಡವನ ಮೇಲಿನ ಭರವಸೆ, ಸುತ್ತ ಜನ ಇದ್ದಾರೆಂಬ ಧೈರ್ಯ, ಇವೇ ಅವರನ್ನು ಎಳೆದೊಯ್ದಿದ್ದವು. ತರಬೇತಿ ಪಡೆದವರೂ ಇದಕ್ಕೆ ಹೊರತಾಗಿರಲಿಲ್ಲ. ಹಿಮಕ್ಕೂ ನಮ್ಮ ಪಶ್ಚಿಮಘಟ್ಟಕ್ಕೂ ಏನು ಸಂಬಂಧ ಅನ್ನಬೇಡಿ. ಈ ಪಟ್ಟಿಯಲ್ಲಿ ಹಿಮದ ಮಾತೇ ಇಲ್ಲ, ಎಲ್ಲವೂ ಮನುಷ್ಯರ ಮಾತು.

ಕುಮಾರ ಪರ್ವತದ ದಾರಿ ನೋಡಿ. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ತುದಿಗೆ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿದ ಏರು. ಗಿರಿಗದ್ದೆಯ ಭಟ್ಟರ ಮನೆಯವರೆಗೆ ಕಾಡಿನ ನೆರಳು. ಅಲ್ಲಿಂದ ಮೇಲೆ ಬೋಳು ಹುಲ್ಲುಗಾವಲು, ತಲೆಯ ಮೇಲೆ ನೆತ್ತಿ ಸುಡುವ ಬಿಸಿಲು. ಕಲ್ಲು ಮಂಟಪ ಬಂತೆಂದು ಉಸಿರು ಬಿಟ್ಟರೆ ಮುಂದೆ ಶೇಷ ಪರ್ವತ. ಅದನ್ನು ಏರಿದರೆ ಮತ್ತೆ ಇಳಿದು, ಶೋಲಾ ಕಾಡು ಹೊಕ್ಕು, ಇನ್ನೊಂದು ಏರು. ಕರ್ನಾಟಕದ ಕಷ್ಟದ ಚಾರಣಗಳಲ್ಲಿ ಇದೊಂದು. ಬೆಂಗಳೂರಿನ ಹುಡುಗರು ಶುಕ್ರವಾರ ಕೆಲಸ ಮುಗಿಸಿ, ರಾತ್ರಿಯೆಲ್ಲ ಟಿಟಿಯಲ್ಲಿ ಹಾಡು ಹೇಳಿಕೊಂಡು, ಬೆಳಗಿನ ಜಾವ ಕುಕ್ಕೆಯಲ್ಲಿಳಿದು, ಎರಡು ಗಂಟೆ ಕಣ್ಣು ಮುಚ್ಚಿ, ಇಡ್ಲಿ ತಿಂದು ನೇರ ಹತ್ತುವುದು ಇದನ್ನೇ.

ಒಮ್ಮೆ ಕಲ್ಲು ಮಂಟಪದಲ್ಲಿ ಒಂದು ಗುಂಪು ಎದುರಾಯಿತು. ಮೂವರು ಆಗಲೇ ಶೇಷ ಪರ್ವತದ ಬೆನ್ನಿನ ಮೇಲೆ ಚುಕ್ಕೆಗಳಂತೆ ಕಾಣುತ್ತಿದ್ದರು. ನಾಲ್ಕೈದು ಜನ ಅರ್ಧ ದಾರಿಯಲ್ಲಿ ನಿಂತು ಫೋಟೋ ತೆಗೆಯುತ್ತಿದ್ದರು. ಮಂಟಪದ ಕಂಬಕ್ಕೆ ಒರಗಿ ಒಬ್ಬ ಹುಡುಗಿ ಕೂತಿದ್ದಳು. ಮುಖ ಕೆಂಪಡರಿತ್ತು, ತುಟಿ ಒಣಗಿತ್ತು, ಮೀನಖಂಡ ಸೆಟೆದುಕೊಂಡು ಬೆರಳಿನಿಂದ ಒತ್ತಿದರೆ ಕಲ್ಲಿನಂತಿತ್ತು. ಪಕ್ಕದಲ್ಲಿ ಗೆಳತಿಯೊಬ್ಬಳು, ಎದುರಿಗೆ ಒಬ್ಬ ಹುಡುಗ. 'ಇನ್ನೊಂದೇ ಗುಡ್ಡ ಕಣೇ, ಇಷ್ಟು ದೂರ ಬಂದು ವಾಪಸ್ ಹೋಗ್ತೀಯಾ?' ಅಂದ ಅವನು. ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಅವಳಿಗೆ ತುದಿ ತಪ್ಪಬಾರದೆಂಬ ಪ್ರೀತಿಯೇ ಇತ್ತು. 'ನನ್ನಿಂದ ಎಲ್ಲರಿಗೂ ಲೇಟ್ ಆಗ್ತಿದೆ, ನೀವು ಹೋಗಿ' ಅಂದಳು ಅವಳು. ಅವಳ ಬಾಟಲಿ ಖಾಲಿ. ಹೆಚ್ಚಿನ ನೀರು, ಓಆರ್‌ಎಸ್ ಪೊಟ್ಟಣ, ಔಷಧಿ ಎಲ್ಲ ಇದ್ದ ಚೀಲ ಮುಂದೆ ಹೋದವನ ಬೆನ್ನ ಮೇಲಿತ್ತು. 'ನಿಮ್ಮಲ್ಲಿ ಲೀಡರ್ ಯಾರು?' ಅಂತ ಕೇಳಿದೆ. ಹುಡುಗ ಹುಡುಗಿ ಮುಖ ಮುಖ ನೋಡಿಕೊಂಡರು. 'ಹಾಗೇನಿಲ್ಲ ಸಾರ್, ನಾವೆಲ್ಲ ಫ್ರೆಂಡ್ಸ್' ಅಂದ ಅವನು.

ಈ ಉತ್ತರದ ಬಗ್ಗೆಯೇ ನನ್ನ ತಕರಾರು. ಗೆಳೆಯರಾದ್ದರಿಂದ ನಾಯಕ ಬೇಡ, ಗೆಳೆಯರಾದ್ದರಿಂದ ನಿಯಮ ಬೇಡ, ಒಬ್ಬರಿಗೊಬ್ಬರು ಇದ್ದೇ ಇರುತ್ತೇವೆ ಎಂಬ ಭಾವನೆ. ಆದರೆ ಆ ಹೊತ್ತಿನಲ್ಲಿ ಅಲ್ಲಿ ಗುಂಪು ಎಂಬುದೇ ಇರಲಿಲ್ಲ. ಮೂರು ತುಂಡಾಗಿ ಒಡೆದು, ನೀರು ಒಂದು ಕಡೆ, ನೀರು ಬೇಕಾದವಳು ಇನ್ನೊಂದು ಕಡೆ ಆಗಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಮುಂದೆ ಹೋದವರು 'ಹಿಂದೆ ಇರುವವರು ನೋಡಿಕೊಳ್ಳುತ್ತಾರೆ' ಎಂದುಕೊಂಡಿದ್ದರು, ಹಿಂದೆ ಇದ್ದವರು 'ಮುಂದಿನವರು ಕಾಯುತ್ತಾರೆ' ಎಂದುಕೊಂಡಿದ್ದರು. ಆ ಹುಡುಗಿ ಒಬ್ಬಳೇ ಬಂದಿದ್ದರೆ ತನ್ನ ನೀರು ತಾನೇ ಹೊತ್ತಿರುತ್ತಿದ್ದಳು, ಕಾಲು ಹಿಡಿದ ಮೊದಲ ಕ್ಷಣದಲ್ಲೇ ಭಟ್ಟರ ಮನೆಗೆ ಇಳಿದಿರುತ್ತಿದ್ದಳು. ನಾವು ಕೊಟ್ಟ ಓಆರ್‌ಎಸ್ ಕುಡಿದು, ಒಂದು ಗಂಟೆ ನೆರಳಲ್ಲಿ ಕೂತು, ಗೆಳತಿಯ ಜೊತೆ ನಿಧಾನ ಇಳಿದಳು.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಇದೇ ದಾರಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ವಿಡಿಯೋ ಎಲ್ಲೆಡೆ ಹರಿದಾಡಿತು. ಸರ್ಕಾರ ಎಚ್ಚೆತ್ತು ಚಾರಣಗಳಿಗೆ ತಡೆ ಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂದು, ಮುಂಗಡ ಟಿಕೆಟ್ಟು, ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿ ಜಾರಿಯಾಯಿತು. ಕಾಡಿನ ದೃಷ್ಟಿಯಿಂದ ಒಳ್ಳೆಯ ಕ್ರಮ, ಅದಕ್ಕೆ ನನ್ನ ಬೆಂಬಲವಿದೆ. ಆದರೆ ಅಲ್ಲೂ ನಡೆದದ್ದು ತಲೆಯೆಣಿಕೆ. ಚೆಕ್‌ಪೋಸ್ಟಿನಲ್ಲಿ ಗುರುತಿನ ಚೀಟಿ ನೋಡುತ್ತಾರೆ, ಪ್ಲಾಸ್ಟಿಕ್ ಬಾಟಲಿ ಎಣಿಸುತ್ತಾರೆ. ಈ ಗುಂಪಿನ ಹೊಣೆ ಯಾರದು, ಎಷ್ಟು ಗಂಟೆಗೆ ತಿರುಗಿ ಬರಲು ನಿರ್ಧರಿಸಿದ್ದೀರಿ ಎಂದೂ ಕೇಳಿ ಬರೆದುಕೊಳ್ಳುವಂತಾಗಬೇಕು. ಎರಡು ಸಾಲಿನ ಕೆಲಸ ಅದು.

ಕಣಿವೆಯ ಮಾತಿಗೆ ಬರುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ನಮ್ಮ ಹುಡುಗರು ರಜೆ ಸಿಕ್ಕರೆ ಕಾರು ತುಂಬಿಕೊಂಡು ಹೋಗುವುದು ಯೂಟಾ ಮತ್ತು ಅರಿಜೋನಾದ ಕಂದರಗಳಿಗೆ. ಯೂಟಾದ ಝಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಮರಳುಗಲ್ಲನ್ನು ನೀರು ಕೊರೆದು ಮಾಡಿದ ಸೀಳು ಕಂದರಗಳಿವೆ. ಎರಡೂ ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಇಕ್ಕಟ್ಟು, ಮೇಲೆ ನೋಡಿದರೆ ಆಕಾಶದ ಒಂದು ಪಟ್ಟಿ. ಮಳೆ ಎಲ್ಲೋ ಕೆಲವು ಕಿಲೋಮೀಟರ್ ದೂರದಲ್ಲಿ ಬಿದ್ದರೂ ಬೋಳು ಬಂಡೆ ಒಂದು ಹನಿಯನ್ನೂ ಹೀರದೆ ಎಲ್ಲವನ್ನೂ ಈ ಸೀಳಿಗೆ ತಂದು ಸುರಿಯುತ್ತದೆ. ತಲೆಯ ಮೇಲೆ ಬಿಸಿಲಿರುವಾಗಲೇ ನೀರಿನ ಗೋಡೆ ಬರಬಹುದು. ಓಡಲು ಜಾಗವಿಲ್ಲ, ಹತ್ತಲು ಹಿಡಿಯಿಲ್ಲ.

2015ರ ಸೆಪ್ಟೆಂಬರ್ 14ರಂದು ಅಲ್ಲಿನ ಕೀಹೋಲ್ ಕಂದರಕ್ಕೆ ಏಳು ಜನ ಸಂಗಾತಿಗಳು ಇಳಿದರು. ಮಕ್ಕಳಾಟದ ವಯಸ್ಸಲ್ಲ, ನಡುವಯಸ್ಸಿನವರು, ಬದುಕು ಕಂಡವರು. ಬೆಳಿಗ್ಗೆ ಪರವಾನಗಿ ಪಡೆಯುವಾಗ ಆ ದಿನ ದಿಢೀರ್ ಪ್ರವಾಹ ಬರುವ ಸಂಭವವಿದೆ ಎಂಬ ಎಚ್ಚರಿಕೆ ಇತ್ತು. ಮಧ್ಯಾಹ್ನ ಹವಾಮಾನ ಇಲಾಖೆ ಎಚ್ಚರಿಕೆಯನ್ನು ಬಿಗಿ ಮಾಡಿ, ಉದ್ಯಾನದವರು ಕಂದರಗಳನ್ನು ಮುಚ್ಚಿದರು. ಅಷ್ಟರಲ್ಲಿ ಇವರಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಸಂಜೆ ಒಂದು ಗಂಟೆಯೊಳಗೆ ಸುರಿದ ಮಳೆಗೆ ಉದ್ಯಾನದ ವರ್ಜಿನ್ ನದಿಯ ಹರಿವು ಸೆಕೆಂಡಿಗೆ 55 ಘನ ಅಡಿಯಿಂದ 2,630 ಘನ ಅಡಿಗೆ ಏರಿತು. ಅದಕ್ಕೆ ಹಿಡಿದ ಸಮಯ 15 ನಿಮಿಷ. ಏಳೂ ಜನ ಸತ್ತರು. ಅದೇ ಕಂದರದಲ್ಲಿ ಅದೇ ದಿನ ಮೂವರ ಇನ್ನೊಂದು ತಂಡ ಇವರನ್ನು ದಾಟಿ ಮುಂದೆ ಹೋಗಿ ಬದುಕಿ ಹೊರಬಂತು.

ಸತ್ತವರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಆ ಹೊತ್ತಿನ ಮಳೆ ಯಾರನ್ನು ಬೇಕಾದರೂ ಹಿಡಿಯಬಹುದಿತ್ತು. ನಾನು ಹೇಳುವುದು ಲೆಕ್ಕದ ಮಾತು. ಕಂದರದಲ್ಲಿ ಹಗ್ಗದ ಮೇಲೆ ಒಬ್ಬೊಬ್ಬರೇ ಇಳಿಯಬೇಕು. ಒಬ್ಬರಿಗೆ ಐದು ನಿಮಿಷ ಅಂದುಕೊಳ್ಳಿ. ಮೂವರಿಗೆ ಹದಿನೈದು ನಿಮಿಷ, ಏಳು ಜನಕ್ಕೆ ಮೂವತ್ತೈದು. ಅಂಥ ಮೂರು ಇಳಿತ ಇದ್ದರೆ ವ್ಯತ್ಯಾಸ ಒಂದು ಗಂಟೆ. ಅಪಾಯದ ಜಾಗದಲ್ಲಿ ನಿಂತಿರುವ ಹೊತ್ತು ಜನ ಹೆಚ್ಚಿದಂತೆ ಹೆಚ್ಚುತ್ತದೆ. ಮುಲ್ಲೋಡಿಯಿಂದ ಕುದುರೆಮುಖಕ್ಕೆ ಹೋಗುವ ದಾರಿಯ ಹಳ್ಳಗಳಲ್ಲೂ ಇದೇ ಲೆಕ್ಕ. ನಾಲ್ವರು ದಾಟುವ ಹೊತ್ತಿಗೂ ಹದಿನೈದು ಜನ ಶೂ ಬಿಚ್ಚಿ, ಕೈ ಹಿಡಿದು, ಇಂಬಳ ಕಿತ್ತುಕೊಂಡು ದಾಟುವ ಹೊತ್ತಿಗೂ ಅಜಗಜಾಂತರ. ಮೇಲೆ ಶೋಲಾದ ತಲೆಯಲ್ಲಿ ಮಳೆ ಹೊಡೆದರೆ, ಹೋಗುವಾಗ ಮೊಣಕಾಲಿನಷ್ಟಿದ್ದ ಹಳ್ಳ ಬರುವಾಗ ಸೊಂಟ ಮುಟ್ಟುತ್ತದೆ. ಕೊನೆಯ ಐವರು ಆಚೆ ದಂಡೆಯಲ್ಲಿ ಉಳಿದುಬಿಡುತ್ತಾರೆ.

ಹಾಗೆ ಉಳಿದಾಗ ಸ್ನೇಹವೇ ಕೊಲ್ಲಲು ನಿಲ್ಲುತ್ತದೆ. ನಮ್ಮ ಪತ್ರಿಕೆಗಳಲ್ಲಿ ಪ್ರತಿ ಮಳೆಗಾಲ, ಪ್ರತಿ ಬೇಸಿಗೆ ಓದುವ ಸುದ್ದಿ: ಜಲಪಾತದ ಮಡುವಿನಲ್ಲಿ ಒಬ್ಬ ಜಾರಿದ, ಅವನನ್ನು ಉಳಿಸಲು ಇನ್ನೊಬ್ಬ ಹಾರಿದ, ಅವನ ಹಿಂದೆ ಮತ್ತೊಬ್ಬ. ಈಜು ಬಾರದವನೂ ಹಾರುತ್ತಾನೆ, ಗೆಳೆಯ ಮುಳುಗುವುದನ್ನು ನೋಡುತ್ತ ನಿಲ್ಲಲು ಯಾರಿಗೆ ಸಾಧ್ಯ? ಒಂದು ಮನೆಯಲ್ಲಿ ಆಗಬೇಕಾಗಿದ್ದ ಗೋಳು ಮೂರು ಮನೆಯಲ್ಲಿ. ಈ ಸಾವುಗಳನ್ನು ನಾವು ತ್ಯಾಗವೆಂದು ಹೊಗಳುತ್ತೇವೆ. ಹೊಗಳುವ ಬದಲು ಕಲಿಸಬೇಕಿತ್ತು. ಮುಳುಗುವವನು ಕೈಗೆ ಸಿಕ್ಕವರನ್ನು ಅವುಚಿ ಹಿಡಿದು ಕೆಳಗೆಳೆಯುತ್ತಾನೆ. ದಂಡೆಯಲ್ಲಿ ಬೋರಲು ಮಲಗಿ ಉದ್ದದ ಕೋಲು ಚಾಚಬೇಕು, ಹಗ್ಗ ಎಸೆಯಬೇಕು, ಹಗ್ಗವಿಲ್ಲದಿದ್ದರೆ ದುಪಟ್ಟಾಗಳನ್ನು ಗಂಟು ಹಾಕಬೇಕು, ಮುಚ್ಚಳ ಬಿಗಿಮಾಡಿದ ಖಾಲಿ ಕ್ಯಾನ್ ಎಸೆಯಬೇಕು. ನೀರಿಗೆ ಇಳಿಯಬಾರದು. ನಾಲ್ಕು ಸಾಲಿನ ಈ ಪಾಠ ಹತ್ತು ಜನರಲ್ಲಿ ಒಬ್ಬನಿಗೂ ಗೊತ್ತಿಲ್ಲದಿದ್ದರೆ, ಆ ಹತ್ತು ಜನ ಮುಳುಗಲು ಸಿದ್ಧರಾದ ಹತ್ತು ಜನ.

ಇಷ್ಟು ಹೇಳಿದರೆ ಎದುರುವಾದ ಬರುತ್ತದೆ. 'ಹಾಗಾದರೆ ಒಬ್ಬರೇ ಹೋಗಬೇಕೆ? ಆರನ್ ರಾಲ್ಸ್ಟನ್ ಏನಾದ?' ಅವನ ಕಥೆ '127 ಅವರ್ಸ್' ಸಿನಿಮಾದಿಂದ ಎಲ್ಲರಿಗೂ ಗೊತ್ತು. 2003ರ ಏಪ್ರಿಲಿನಲ್ಲಿ ಯೂಟಾದ ಬ್ಲೂಜಾನ್ ಕಂದರದಲ್ಲಿ ಬಂಡೆ ಜಾರಿ ಅವನ ಬಲಗೈ ಸಿಕ್ಕಿಕೊಂಡಿತು. ಐದು ದಿನ ಒದ್ದಾಡಿ ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಈ ಕಥೆಯಿಂದ ಜನ ಕಲಿತ ಪಾಠ 'ಒಬ್ಬನೇ ಹೋಗಬಾರದು' ಎಂದು. ಅವನನ್ನು ಆ ಸ್ಥಿತಿಗೆ ತಂದದ್ದು ಬೇರೆ: ಎಲ್ಲಿಗೆ ಹೋಗುತ್ತಿದ್ದೇನೆಂದು ಅವನು ಯಾರಿಗೂ ಹೇಳಿರಲಿಲ್ಲ. ಇಂಥ ಕಂದರಕ್ಕೆ ಹೋಗುತ್ತೇನೆ, ಇಂಥ ಹೊತ್ತಿಗೆ ಫೋನ್ ಮಾಡದಿದ್ದರೆ ಪೊಲೀಸರಿಗೆ ತಿಳಿಸಿ ಎಂದು ಮನೆಯಲ್ಲಿ ಒಂದು ಚೀಟಿ ಬರೆದಿಟ್ಟಿದ್ದರೆ ಹುಡುಕುವವರು ಮರುದಿನವೇ ಹೊರಡುತ್ತಿದ್ದರು. ನಮ್ಮ ಹದಿನೈದು ಜನರ ಗುಂಪುಗಳಲ್ಲಿ ಆ ಚೀಟಿ ಬರೆದಿಡುವವರು ಎಷ್ಟು? 'ಎಲ್ಲರೂ ಜೊತೆಗೇ ಇದ್ದೇವಲ್ಲ' ಎಂದು ಒಬ್ಬರೂ ಬರೆಯುವುದಿಲ್ಲ.

ಇನ್ನೊಂದು ಆಕ್ಷೇಪಣೆಗೆ ತೂಕವಿದೆ, ಅದನ್ನು ಒಪ್ಪುತ್ತೇನೆ. ಕಾಲು ಮುರಿದರೆ, ಹಾವು ಕಚ್ಚಿದರೆ ಹೊತ್ತು ತರಲು ಜನ ಬೇಕು. ನಿಜ. ಅದಕ್ಕೇ ಪರ್ವತಾರೋಹಿಗಳಲ್ಲಿ ನಾಲ್ವರ ಲೆಕ್ಕ ಬಳಕೆಯಲ್ಲಿದೆ: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಬೇಕು, ಇಬ್ಬರು ಸಹಾಯ ತರಲು ಹೋಗಬೇಕು. ನಾಲ್ಕೋ ಆರೋ ಜನ ಒಬ್ಬರ ಮುಖ ಒಬ್ಬರು ನೋಡುತ್ತ ನಡೆಯಬಹುದು, ಒಬ್ಬರ ದನಿ ಎಲ್ಲರಿಗೂ ಕೇಳುತ್ತದೆ. ಹದಿನೈದು ಜನರ ಸಾಲಿನಲ್ಲಿ ಮೊದಲನೆಯವನ ದನಿ ಕೊನೆಯವನಿಗೆ ಮುಟ್ಟುವುದಿಲ್ಲ. ನನ್ನ ವಿರೋಧ ಜೊತೆಗಾರಿಕೆಯ ಮೇಲಲ್ಲ. ಜೊತೆಗಾರರು ಇದ್ದರೆ ಸಾಕು, ಬೇರೇನೂ ಬೇಡ ಎಂಬ ಸೋಮಾರಿ ನಂಬಿಕೆಯ ಮೇಲೆ.

'ಇಷ್ಟೆಲ್ಲ ನಿಯಮ ಹಾಕಿದರೆ ಗೆಳೆಯರ ಜೊತೆ ಹೋಗುವ ಖುಷಿಯೇ ಹಾಳು' ಅನ್ನುವವರೂ ಇದ್ದಾರೆ. ಕ್ರಿಕೆಟ್ ಆಡುವಾಗ ಗಲ್ಲಿಯ ಹುಡುಗರೂ ಒಬ್ಬ ಕ್ಯಾಪ್ಟನ್ ಮಾಡಿಕೊಳ್ಳುತ್ತಾರೆ, ಅದರಿಂದ ಯಾರ ಸ್ನೇಹವೂ ಕೆಟ್ಟಿಲ್ಲ. ನಾನು ಕಂಡ ಅತಿ ಒಳ್ಳೆಯ ಚಾರಣದ ಗುಂಪುಗಳಲ್ಲಿ ನಗು ಹೆಚ್ಚೇ ಇರುತ್ತಿತ್ತು. ಯಾಕೆಂದರೆ ಅಲ್ಲಿ ಯಾರೂ ಒಳಗೊಳಗೇ ಹೆದರಿಕೊಂಡು ನಡೆಯುತ್ತಿರಲಿಲ್ಲ. ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಟ್ಟು, ಅವರ ಹೆಜ್ಜೆಗೆ ಉಳಿದವರು ಹೆಜ್ಜೆ ಹಾಕುತ್ತಿದ್ದರು. ಗಟ್ಟಿಗರೊಬ್ಬರು ಕೊನೆಯಲ್ಲಿ ಬರುತ್ತಿದ್ದರು. ಯಾರು 'ಸಾಕು' ಅಂದರೂ ಕಾರಣ ಕೇಳದೆ ನಿಲ್ಲುವ ಒಪ್ಪಂದವಿತ್ತು. ತುದಿ ಮುಟ್ಟದೆ ತಿರುಗಿ ಬಂದ ದಿನವೂ ಟಿಟಿಯಲ್ಲಿ ಹಾಡು ನಿಂತಿರಲಿಲ್ಲ.

2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಹೋಗಿದ್ದ ಕರ್ನಾಟಕದ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಗೈಡುಗಳೂ ಸೇರಿ 22 ಜನರ ತಂಡ, ಅದರಲ್ಲಿ ಅನುಭವಸ್ಥರಿದ್ದರು, ಹಿರಿಯರಿದ್ದರು. ಆ ಗಾಳಿಯಲ್ಲಿ ನಿಂತವರ ನಿರ್ಧಾರಗಳ ಬಗ್ಗೆ ಇಲ್ಲಿ ಕೂತು ತೀರ್ಪು ಹೇಳುವ ಹಕ್ಕು ನನಗಿಲ್ಲ. ಆದರೆ ಆ ವಾರ ನಮ್ಮಲ್ಲಿ ಎಲ್ಲಿ ಹೋದರೂ ಕಿವಿಗೆ ಬಿದ್ದ ಮಾತು, 'ಅಷ್ಟು ಜನ ಇದ್ದೂ ಹೀಗಾಯ್ತೇ?' ಎಂಬುದು. ಆ ಅಚ್ಚರಿಯೇ ನಮ್ಮ ನಂಬಿಕೆಯ ಆಳವನ್ನು ತೋರಿಸುತ್ತದೆ. 4,000 ಮೀಟರಿನ ಮೇಲೆ ಹಿಮಗಾಳಿ ಎದ್ದಾಗ ಎಷ್ಟು ಜನ ಇದ್ದಾರೆಂಬುದನ್ನು ಗಾಳಿ ಎಣಿಸುವುದಿಲ್ಲ. ಆ ಜೀವಗಳಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ, ಜನಬಲದಿಂದ ಬೆಟ್ಟ ಗೆಲ್ಲಬಹುದೆಂಬ ಮಾತನ್ನು ಮಕ್ಕಳಿಗೆ ಹೇಳದಿರುವುದು.

ಮುಂದಿನ ಸಲ ವಾಟ್ಸ್ಯಾಪ್ ಗುಂಪಿನಲ್ಲಿ ಟಿಟಿ ಬುಕ್ ಮಾಡುವ ಮೊದಲು ನಾಲ್ಕು ಪ್ರಶ್ನೆ ಹಾಕಿ. ದಾರಿಯಲ್ಲಿ ಯಾರ ಮಾತು ಕೊನೆಯ ಮಾತು? ಎಲ್ಲಿದ್ದರೂ ಸರಿ, ಎಷ್ಟು ಗಂಟೆಗೆ ತಿರುಗಿ ಹೊರಡುತ್ತೇವೆ? ಎಲ್ಲರ ಹಿಂದೆ ಯಾರು ನಡೆಯುತ್ತಾರೆ? ನಾವು ಬರದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಅಪ್ಪ ಅಮ್ಮಂದಿರೇ, ನೀವೂ ಎಷ್ಟು ಜನ ಎಂದು ಕೇಳುವುದನ್ನು ಬಿಟ್ಟು ಇವನ್ನು ಕೇಳಿ. ಉತ್ತರ ಸಿಗದಿದ್ದರೆ ಆ ವಾರ ಹೋಗಬೇಡಿ, ಕಳಿಸಬೇಡಿ.